ಅಜ್ಜನ ಕೋವಿಗೆ ಹೊಸ ನಳಿಗೆ

2018ರಲ್ಲಿ ಪ್ರಾಜೆಕ್ಟ್ ಮೇಲೆ ಪುಣೆಯಿಂದ ಏಳು ತಿಂಗಳು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾಕ್ಕೆ ಹೋಗಿದ್ದೆ. ಅಲ್ಲಿ ಜೂನ್ ಅಂದ್ರೆ ಚಳಿಗಾಲ. ಹುಲ್ಲೆಲ್ಲ ಒಣಗಿ ಹುರಿಹಗ್ಗದ ಬಣ್ಣಕ್ಕೆ ತಿರುಗಿರುತ್ತೆ. ಒಂದು ಶನಿವಾರ ಬೆಳಿಗ್ಗೆ ಕ್ಲೈಂಟ್ ಕಡೆಯ ಆರ್ಕಿಟೆಕ್ಟ್ ಫೋನ್ ಮಾಡಿದ (ಕಟ್ಟಡದ ಆರ್ಕಿಟೆಕ್ಟ್ ಅಲ್ಲ, ನಮ್ಮ ಸಾಫ್ಟ್‌ವೇರ್‌ನವನು). 'ಬಂದೂಕು ರಿಪೇರಿ ಮಾಡೋರ ಹತ್ತಿರ ಹೋಗ್ತಿದೀವಿ, ಬರ್ತೀಯಾ?' ಅಂದ. ರೂಮಲ್ಲಿ ಕೂತು ಮೂರನೇ ಸಲ ಬಟ್ಟೆ ಒಗೆಯೋದಕ್ಕಿಂತ ವಾಸಿ ಅಂತ ಹೊರಟೆ.

ಕಾರಿನ ಮುಂದಿನ ಸೀಟಲ್ಲಿ ಅವನ ಅಪ್ಪ ಕೂತಿದ್ದರು. ಅವರನ್ನು 'ಊಮ್' ಅಂತ ಕರೆಯಬೇಕು ಅಂತ ಮೊದಲೇ ಹೇಳಿದ್ದ. ಆಫ್ರಿಕಾನ್ಸ್ ಭಾಷೆಯಲ್ಲಿ ಊಮ್ ಅಂದ್ರೆ ಚಿಕ್ಕಪ್ಪ, ದೊಡ್ಡಪ್ಪ, ಮಾವ, ಅಥವಾ ಸುಮ್ಮನೆ ವಯಸ್ಸಾದ ಯಾರಾದರೂ. ಅಷ್ಟು ಹೊತ್ತಿಗೇ ನನಗೆ ಸಕಲೇಶಪುರದ ಬಸ್ ಹತ್ತಿದ ಹಾಗಾಯ್ತು.

ವಿಷಯ ಇಷ್ಟೇ. ಅವರ ಮನೆಯಲ್ಲಿ ಅಜ್ಜನ ಕಾಲದ ಒಂದು ಮೌಸರ್ ರೈಫಲ್ ಇತ್ತು, ಕ್ಯಾಲಿಬರ್ 9.3×62. ಬರ್ಲಿನ್ನಿನ ಓಟೋ ಬಾಕ್ ಅನ್ನೋ ಬಂದೂಕು ತಯಾರಕ 1905ರಲ್ಲಿ ಮಾಡಿದ ತೋಟಾ ಅದು. ಆಫ್ರಿಕಾದಲ್ಲಿ ಜಮೀನು ಮಾಡಿಕೊಂಡಿದ್ದವರ ಕೈಗೆಟುಕುವ ಬೆಲೆಯ ಮಾಮೂಲಿ ಮೌಸರ್‌ನಲ್ಲೇ ದೊಡ್ಡ ಪ್ರಾಣಿಗೂ ಆಗುವಂಥದ್ದು. ನಳಿಗೆಯ ಒಳಗಿನ ಸುರುಳಿ ಗೀರುಗಳು ಸವೆದು ಹೋಗಿ ಗುಂಡು ಎಲ್ಲೆಲ್ಲೋ ಹೋಗುತ್ತಿತ್ತು. ಆರ್ಕಿಟೆಕ್ಟ್‌ಗೆ ಮುಂದಿನ ವರ್ಷ ಕಾಡೆಮ್ಮೆ ಶಿಕಾರಿಗೆ ಹೋಗುವ ಆಸೆ. ಅಲ್ಲಿ ಅದಕ್ಕೆ ಕಾನೂನಿನ ಪರವಾನಗಿ ಇದೆ, ದುಡ್ಡೂ ಬಹಳ ಬೇಕು. ಆಫ್ರಿಕಾದ ಹಲವು ಕಡೆ ಅಂಥ ಅಪಾಯದ ಪ್ರಾಣಿಗಳಿಗೆ .375 ಕನಿಷ್ಠ ಅಂತ ನಿಯಮ, 9.3ಕ್ಕೆ ಕೆಲವೆಡೆ ಮಾತ್ರ ವಿನಾಯಿತಿ. ಹೇಗೂ ನಳಿಗೆ ಬದಲಿಸಲೇಬೇಕು, ಹಾಗಾದರೆ ದೊಡ್ಡದನ್ನೇ, .458 ವಿಂಚೆಸ್ಟರ್ ಮ್ಯಾಗ್ನಂ ಹಾಕಿಸೋಣ ಅನ್ನೋದು ಅವನ ಲೆಕ್ಕ. ಊಮ್ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಕೋವಿ ಕೆಲಸದವರ ವರ್ಕ್‌ಶಾಪ್ ಅಂದ್ರೆ ಮನೆ ಹಿಂದಿನ ಶೆಡ್ಡು. ಒಂದು ಹಳೇ ಲೇತ್, ಎಣ್ಣೆ ವಾಸನೆ, ಗೋಡೆ ತುಂಬ ರೀಮರ್‌ಗಳು. ಅವರು ಬೋಲ್ಟ್ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಶುರುವಾಯ್ತು ನೋಡಿ, ನಮ್ಮ ರಿಕ್ವೈರ್‌ಮೆಂಟ್ ಮೀಟಿಂಗ್‌ಗಳಿಗಿಂತ ಚೆನ್ನಾಗಿತ್ತು.

ನಳಿಗೆ ತಿರುಗಿಸಿ ಬಿಚ್ಚೋದು, ಹೊಸದಕ್ಕೆ ಲೇತ್‌ನಲ್ಲಿ ಮರೆ ಕೊರೆಯೋದು, ಚೇಂಬರನ್ನು ರೀಮರ್‌ನಿಂದ ಕೂದಲೆಳೆಯಷ್ಟೇ ಮುಂದೆ ಮುಂದೆ ಕೊರೆಯುತ್ತಾ ಗೇಜ್ ಹಾಕಿ ನೋಡೋದು, ಇದೆಲ್ಲ ಸುಲಭದ ಭಾಗವಂತೆ. ಒಂದು ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಅಲ್ಲಿ ಜಾಗ ಹೆಚ್ಚಾದರೆ ಈಡು ಹೊಡೆದಾಗ ತೋಟಾದ ಹಿತ್ತಾಳೆ ಕೊಪ್ಪು ಸೀಳಬಹುದು, ಬಿಸಿ ಗಾಳಿ ಮುಖಕ್ಕೇ ನುಗ್ಗುತ್ತೆ.

ಕಷ್ಟ ಇರೋದು ಉಳಿದದ್ದರಲ್ಲಿ. 9.3 ತೋಟಾದ ಹಿಂಬದಿಯ ಅಗಲ ಸುಮಾರು 12 ಮಿಲಿಮೀಟರ್, .458ದು 13.5. ಆ ಒಂದೂವರೆ ಮಿಲಿಮೀಟರಿಗಾಗಿ ಬೋಲ್ಟಿನ ಮುಖ ಕೊರೆಯಬೇಕು. ತೋಟಾದ ಅಂಚನ್ನು ಹಿಡಿಯುವ ಮೌಸರ್‌ನ ಉದ್ದ ಉಗುರನ್ನು ತಿದ್ದಬೇಕು. ತೋಟಾ ಮೇಲೆದ್ದು ಬರುವ ದಾರಿಯ ಎರಡೂ ತುಟಿಗಳನ್ನು ಅರದಿಂದ ಉಜ್ಜಬೇಕು. 'ಉಜ್ಜಿದ ಕಬ್ಬಿಣವನ್ನ ಮತ್ತೆ ಅಂಟಿಸೋಕಾಗಲ್ಲ' ಅಂದರು. ಜಿಂಕೆ ಹೊಡೆಯುವಾಗ ತೋಟಾ ಸಿಕ್ಕಿಕೊಂಡರೆ ಜಿಂಕೆ ಓಡಿಹೋಗುತ್ತೆ, ಅಷ್ಟೇ. ಗಾಯಗೊಂಡ ಕಾಡೆಮ್ಮೆಯ ಎದುರು ಎರಡನೇ ತೋಟಾ ಸಿಕ್ಕಿಕೊಂಡರೆ ಓಡಿಬರೋದು ಅದು. ಕೆಲಸ ಆದಮೇಲೆ ಮರದ ಬಟ್. ಒದೆತ ಸುಮಾರು ಎರಡರಷ್ಟಾಗುತ್ತೆ, ನಳಿಗೆಯ ಕೆಳಗೆ ಇನ್ನೊಂದು ಉಕ್ಕಿನ ಗೂಟ ಮತ್ತು ಅಡ್ಡ ಬೋಲ್ಟು ಕೂರಿಸದಿದ್ದರೆ ಆ ಹಳೇ ವಾಲ್‌ನಟ್ ಮರ ಸೀಳುತ್ತೆ. ತೂಕವೂ ನಾಲ್ಕೂವರೆ ಕಿಲೋ ಹತ್ತಿರ ಹೋಗಬೇಕು, ಇಲ್ಲದಿದ್ದರೆ ಹೆಗಲು ಉಳಿಯಲ್ಲ.

'.375 ಹಾಲಂಡ್ ಅಂಡ್ ಹಾಲಂಡ್ ಆದ್ರೆ?' ಅಂತ ಕೇಳಿದ ಇವನು. ಅದು 1912ರ ತೋಟಾ, ಈ ಮೌಸರ್‌ಗೆ ಉದ್ದ ಜಾಸ್ತಿ. ಹಾಕಬೇಕೆಂದರೆ ಬೋಲ್ಟ್ ಲಾಕ್ ಆಗುವ ಜಾಗದ ಹತ್ತಿರದ ಉಕ್ಕನ್ನೇ ಕತ್ತರಿಸಬೇಕು. ಹಾಗೆ ಮಾಡಿಕೊಂಡವರಿದ್ದಾರೆ, ನಾನು ಮಾಡಲ್ಲ ಅಂದರು. .458 ಅನ್ನು 1956ರಲ್ಲಿ ಮಾಡಿದ್ದೇ ಮಾಮೂಲಿ ಉದ್ದದ ರೈಫಲಿನಲ್ಲಿ ಕೂರಲಿ ಅಂತ. ಆ ಗಿಡ್ಡ ಕೊಪ್ಪಿನಲ್ಲಿ ಮದ್ದು ಒತ್ತಿ ತುಂಬಿದ್ದರಿಂದ ಶುರುವಿನ ವರ್ಷಗಳಲ್ಲಿ ಅದು ಗಟ್ಟಿಯಾಗಿ ಕೈಕೊಡುತ್ತಿತ್ತಂತೆ. 1959ರಲ್ಲಿ ಮೊಜಾಂಬಿಕ್‌ನಲ್ಲಿ ಕಾಡೆಮ್ಮೆಯಿಂದ ತಿವಿಸಿಕೊಂಡ ಜಾಕ್ ಲಾಟ್ ಅನ್ನೋ ಅಮೆರಿಕನ್, ಮುಂದೆ ಅದನ್ನೇ ಉದ್ದ ಮಾಡಿ .458 ಲಾಟ್ ಅಂತ ತಂದ.

ನಾನು ಇಂಡಿಯಾದವನು ಅಂತ ಗೊತ್ತಾದ ಮೇಲೆ ಅವರು ಕಪಾಟಿನಿಂದ ಒಂದು ಉದ್ದನೆಯ ತೋಟಾ ತೆಗೆದು ನನ್ನ ಅಂಗೈಗೆ ಹಾಕಿದರು. .470 ನೈಟ್ರೋ ಎಕ್ಸ್‌ಪ್ರೆಸ್. 'ಇದಕ್ಕೆ ನಿಮ್ಮ ದೇಶವೇ ಕಾರಣ' ಅಂದರು. ನನಗೆ ಅರ್ಥ ಆಗಲಿಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯಾದಲ್ಲಿ .450 ಕ್ಯಾಲಿಬರಿನ ರೈಫಲ್‌ಗಳನ್ನು ನಿಷೇಧಿಸಿತು. ಅದರ ಗುಂಡು ದಂಗೆಕೋರರ ಕೈಗೆ ಸಿಕ್ಕಿದರೆ ಸೈನ್ಯದ ಹಳೇ ಮಾರ್ಟಿನಿ ಹೆನ್ರಿ ಕೋವಿಗಳಿಗೆ ಬಳಸಿಕೊಂಡಾರು ಅಂತ ಭಯ. ಹುಲಿ, ಕಾಟಿ ಬೇಟೆಗೆ ಬರುವ ಗಿರಾಕಿಗಳನ್ನು ಕಳೆದುಕೊಳ್ಳಲು ಇಷ್ಟವಿಲ್ಲದ ಇಂಗ್ಲಿಷ್ ಕಂಪನಿಗಳು .465, .470, .475 ಅಂತ ಹೊಸ ಅಳತೆ ಹುಡುಕಿಕೊಂಡವು. ಈಗ ಇವನು ಹಾಕಿಸಹೊರಟಿದ್ದ .458ರ ಗುಂಡಿನ ಅಳತೆ ಆ ನಿಷೇಧಿತ .450ಯದೇ.

ಆಗ ನನಗೆ ನಮ್ಮಜ್ಜನ ಕೋವಿ ನೆನಪಾಯ್ತು. ನಿಜ ಹೇಳಬೇಕೆಂದರೆ ಬೆಳಿಗ್ಗೆಯಿಂದಲೂ ನೆನಪಾಗುತ್ತಲೇ ಇತ್ತು. ನಮ್ಮದು .315, ಆರ್ಡ್‌ನೆನ್ಸ್ ಫ್ಯಾಕ್ಟರಿಯದ್ದು. ನೋಡೋಕೆ ಪೊಲೀಸರ .303 ಥರಾನೇ. .303 ಸೈನ್ಯದ ತೋಟಾ, ಸಾಮಾನ್ಯ ಜನರಿಗೆ ಕೊಡುವಂತಿರಲಿಲ್ಲ. ಹಾಗಾಗಿ ಅದೇ ಲೀ ಎನ್‌ಫೀಲ್ಡ್ ಮೈಗೆ ಮ್ಯಾನ್ಲಿಶರ್‌ನ 8 ಮಿಲಿಮೀಟರ್ ತೋಟಾ ಹೊಂದಿಸಿದರು. ಕೋವಿ ಕೆಲಸದವರು ಇದನ್ನು ಕೇಳಿ ಬಹಳ ಖುಷಿಪಟ್ಟರು. 'ಅದು ಈಗೆಲ್ಲಿದೆ?' ಅಂತ ಕೇಳಿದರು.

ಮಾರಿಬಿಟ್ವಿ ಅಂದೆ.

ಅಜ್ಜ ತೀರಿಕೊಂಡಿದ್ದು 2009ರಲ್ಲಿ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಆ ಕೋವಿಯಿಂದ ಹೊಡೆಯುವಂಥದ್ದು ಏನೂ ಇರಲಿಲ್ಲ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ನವೀಕರಣ ಆಗುತ್ತಿತ್ತು, ದೀಪಾವಳಿಯಲ್ಲಿ ಅಜ್ಜ ಆಕಾಶಕ್ಕೆ ಒಂದು ಈಡು ಹೊಡೆಯುತ್ತಿದ್ದರು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಅವರು ಹೋದಮೇಲೆ ವಾರಸುದಾರರ ಹೆಸರಿಗೆ ಆಗಬೇಕು. ಅಪ್ಪ ಪುಣೆಗೆ ಫೋನ್ ಮಾಡಿದ್ದರು. 'ನಂಗೂ ವಯಸ್ಸಾಯ್ತು, ನಿನ್ ಹೆಸ್ರಿಗೆ ಮಾಡ್ಸೋಣ್ವೇನೋ? ನೀನು ಎರಡು ಮೂರು ಸಲ ಬರಬೇಕಾಗುತ್ತೆ.' ನಮಗೆ ಅವತ್ತು ರಿಲೀಸ್. ಒಂದು ಕಿವಿಯಲ್ಲಿ ಕಾನ್ಫರೆನ್ಸ್ ಕಾಲ್. 'ಕೊಟ್ಬಿಡಪ್ಪ ಯಾರಿಗಾದ್ರೂ, ಯಾಕೆ ತಲೆನೋವು' ಅಂದೆ. ಅಪ್ಪ ಹ್ಞೂಂ ಅಂದರು. ಮೂರು ತಿಂಗಳ ಮೇಲೆ ಬೆಂಗಳೂರಿನ ಒಬ್ಬ ಡೀಲರ್‌ಗೆ ಹೋಯ್ತು. ಎಷ್ಟಕ್ಕೆ ಅಂತಲೂ ನಾನು ಕೇಳಲಿಲ್ಲ.

ನಮ್ಮ ತೋಟಕ್ಕೆ ಈಗಲೂ ಆನೆ ಬರುತ್ತೆ. ಕೋವಿ ಇದ್ದಿದ್ದರೆ ಏನಾದರೂ ಮಾಡಬಹುದಿತ್ತು ಅಂತಲ್ಲ, ಮಾಡಲೂ ಬಾರದು. ಪಟಾಕಿ ಹಚ್ಚುತ್ತಾರೆ, ಬಾಗಿಲು ಹಾಕಿಕೊಂಡು ಕೂರುತ್ತಾರೆ.

ಶೆಡ್ಡಿನ ಹಿಂದೆ ಬಯಲಲ್ಲಿ ಮಣ್ಣಿನ ದಿಬ್ಬ ಇತ್ತು. ಕೋವಿ ಕೆಲಸದವರು ತಮ್ಮದೇ .458 ತಂದು, 'ದುಡ್ಡು ಕೊಡೋಕೆ ಮುಂಚೆ ಮೂರು ಹೊಡಿ' ಅಂದರು. ಮೊದಲನೆಯದಕ್ಕೆ ಆರ್ಕಿಟೆಕ್ಟ್ ಒಂದು ಹೆಜ್ಜೆ ಹಿಂದೆ ಬಂದ. ಎರಡನೆಯದು ದಿಬ್ಬದ ಅಂಚಿಗೆ ತಾಗಿತು. ಮೂರನೆಯದಕ್ಕೆ ಅವರು ಗೊತ್ತಾಗದ ಹಾಗೆ ಖಾಲಿ ಚೇಂಬರ್ ಮುಚ್ಚಿ ಕೊಟ್ಟರು. ಇವನು ಕುದುರೆ ಒತ್ತಿದ. ಈಡು ಹಾರಲೇ ಇಲ್ಲ, ಆದರೆ ನಳಿಗೆಯ ತುದಿ ಅರ್ಧ ಅಡಿ ಕೆಳಗೆ ಕುಸಿಯಿತು, ಕಣ್ಣು ಮುಚ್ಚಿತ್ತು. ಯಾರೂ ನಗಲಿಲ್ಲ. ನನಗೂ ಕೊಡೋಕೆ ಬಂದರು, ಬೇಡ ಅಂದೆ.

ಆಗ ಊಮ್ ಮೊದಲ ಸಲ ಬಾಯಿಬಿಟ್ಟರು. ಬೋಲ್ಟ್ ಮುಖ ಹೊಸದು, ಉಗುರು ಹೊಸದು, ಮ್ಯಾಗಜೀನ್ ಹೊಸದು, ನಳಿಗೆ ಹೊಸದು, ಬಟ್ ಹೊಸದು ಅಂತ ಒಂದೊಂದೇ ಬೆರಳು ಮಡಚಿದರು. 'ನನ್ನಪ್ಪಂದು ಅಂತ ಉಳಿಯೋದು ಯಾವುದು?'

ಕೋವಿ ಕೆಲಸದವರು ಲೆಕ್ಕ ಬರೆದು ತೋರಿಸಿದರು. ಅಷ್ಟೆಲ್ಲ ಖರ್ಚಿನಲ್ಲಿ ಒಂದು ಝೆಕ್ ರೈಫಲ್ ಸೆಕೆಂಡ್ ಹ್ಯಾಂಡಲ್ಲಿ, .375ನಲ್ಲೇ, ಬರುತ್ತಿತ್ತು. ಕೊನೆಗೆ ಹಾಗೇ ತೀರ್ಮಾನವಾಯ್ತು. ಅಜ್ಜನದಕ್ಕೆ 9.3ರದ್ದೇ ಹೊಸ ನಳಿಗೆ, ಬೇರೇನೂ ಮುಟ್ಟೋದು ಬೇಡ. ಹೊಸ ಪರ್ಮಿಟ್ಟು, ಅರ್ಜಿ ಅಂತ ಅಲ್ಲೂ ತಿಂಗಳುಗಟ್ಟಲೆ ಹಿಡಿಯುತ್ತೆ. ನಾನು ವಾಪಸ್ ಬರುವ ಹೊತ್ತಿಗೆ ಅದಿನ್ನೂ ಶೆಡ್ಡಿನಲ್ಲೇ ಇತ್ತು.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಅಜ್ಜನ ಕೋವಿ ನಂಬರ್ ಏನಾದ್ರೂ ಬರ್ಕೊಂಡಿದೀಯಾ ಅಂತ ಕೇಳಿದೆ. 'ಒಂಬತ್ ವರ್ಷ ಆದ್ಮೇಲೆ ಈಗ್ಯಾಕೋ?' ಅಂದರು. ಸುಮ್ನೆ ಅಂದೆ. ಲೈಸೆನ್ಸ್ ಪುಸ್ತಕ ವಾಪಸ್ ಕೊಟ್ಟಾಗಿತ್ತು, ನಂಬರ್ ಎಲ್ಲೂ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ನಳಿಗೆ ಒರೆಸೋ ಕಡ್ಡಿ ಮಾತ್ರ ಡೀಲರ್‌ಗೆ ಕೊಡೋಕೆ ಮರೆತು ಅಟ್ಟದ ಮೇಲೇ ಉಳಿದುಬಿಟ್ಟಿತ್ತು ಅಂದರು. ಈಗ ಅದು ಬಚ್ಚಲಲ್ಲಿದೆ, ಅಮ್ಮ ಅದರಲ್ಲೇ ಹಂಡೆ ಒಲೆಯ ಕೆಂಡ ಕೆದಕೋದಂತೆ.