ಕೊನೇ ಹಾಡಿನ ಕರಕರ

ರೆಕಾರ್ಡು ಕರಕರ ಅಂದ್ರೆ ಮೊದ್ಲು ಕೇಳ್ಕೋಬೇಕಾದ್ದು ಒಂದೇ: ಎಲ್ಲಾ ರೆಕಾರ್ಡಲ್ಲೂನಾ, ಇದೊಂದರಲ್ಲೇನಾ? ಸಾರು ಕೆಟ್ರೆ ಉಪ್ಪೋ ಹುಳಿಯೋ ಅಂತ ರುಚಿ ನೋಡದೆ ಪಾತ್ರೆ ಬಗ್ಗಿಸಿಬಿಡ್ತೀವಾ? ರಿಪೇರಿಯವರೊಬ್ರು ಮಾತ್ರ ಮುಟ್ಟಿಯೂ ನೋಡದೆ, "ಸೆಟ್ಟೇ ಬಿಸಾಕಿ ಮೇಡಂ" ಅಂದ್ರು.

ಬನಶಂಕರಿಯ ನಮ್ಮನೆ ಅಟ್ಟದಿಂದ ಅಪ್ಪನ ರೆಕಾರ್ಡ್ ಪೆಟ್ಟಿಗೆ, ಪ್ಲೇಯರ್ರು ಎರಡನ್ನೂ ಇಳಿಸಿದ್ದೆ. ಎಂ.ಎಲ್. ವಸಂತಕುಮಾರಿಯವರ ದೇವರನಾಮಗಳ ಎಲ್‌ಪಿ ಹಾಕಿದ್ರೆ ಮೇಲಿನ ಸ್ಥಾಯಿಗೆ ಹೋದ ಕೂಡ್ಲೇ ದನಿ ಹರಿದು ಹೋಗ್ತಿತ್ತು. "ಅವರ ಗಂಟಲು ಹೀಗಿರ್ಲಿಲ್ಲ ಕಣೇ" ಅಂದ್ರು ಅಮ್ಮ. ಅವರಿಗೆ ಬೇಕಿದ್ದಿದ್ದು ಎರಡನೇ ಬದಿಯ ಕೊನೇ ಹಾಡು. ರಾತ್ರಿ ಊಟ ಆದ್ಮೇಲೆ ಅಪ್ಪ ದಿನಾ ಹಾಕ್ತಿದ್ದಿದ್ದು ಅದನ್ನೇ.

ಬೇರೆ ರೆಕಾರ್ಡುಗಳಲ್ಲೂ ಕರಕರ ಇತ್ತು, ಅಂದ್ರೆ ಸೂಜಿ ಕಡೆಯ ತೊಂದರೆ. ತುದೀಲಿ ಧೂಳಿನ ಉಂಡೆ. ಮೆತ್ತನೆ ಬ್ರಷ್ಷಲ್ಲಿ ಹಿಂದಿನಿಂದ ಮುಂದಕ್ಕೆ ಸವರಿ ತೆಗೆದೆ. ತಟ್ಟೆಗಳನ್ನ ಡಿಸ್ಟಿಲ್ಡ್ ವಾಟರಿಗೆ ಒಂದೇ ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿ, ಗೆರೆ ಹೋದ ದಿಕ್ಕಲ್ಲೇ ಒರೆಸಿದೆ, ಲೇಬಲ್ ನೆನೆಯದ ಹಾಗೆ. (ಪಿ. ಕಾಳಿಂಗರಾಯರ ಕಾಲದ 78ರ ತಟ್ಟೆಗಳಿದ್ರೆ ಸ್ಪಿರಿಟ್ ಮಾತ್ರ ಮುಟ್ಟಿಸ್ಬೇಡಿ. ಅವು ಅರಗಿನವು, ಕರಗತ್ತೆ.) ಸ್ವಲ್ಪ ವಾಸಿ ಆಯ್ತು, ಪೂರ್ತಿ ಅಲ್ಲ.

ಆಮೇಲೆ ಚಿನ್ನ ತೂಗೋ ಪುಟಾಣಿ ತಕ್ಕಡಿ ಮೇಲೆ ಸೂಜಿ ಇಳಿಸಿದೆ. 6 ಗ್ರಾಂ! ಈಗಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳಲ್ಲಿ ಹೆಚ್ಚಿನವಕ್ಕೆ ಸುಮಾರು 2 ಗ್ರಾಂ ಸಾಕು, ಹಳೇ ಸೆರಾಮಿಕ್ಕು ಭಾರವೇ ಕೇಳೋದು. ಹಾಗಂತ ಹೇಳಿದ್ದಕ್ಕಿಂತ ಹಗುರ ಮಾಡಕ್ಕೂ ಹೋಗ್ಬಾರ್ದು, ಸೂಜಿ ಗೆರೆಯೊಳಗೆ ಕುಣಿದು ಇನ್ನೂ ಹಾಳು. ನಮ್ಮದರಲ್ಲಿದ್ದಿದ್ದು ನೀಲಮಣಿ ಸೂಜಿ, ಬೇಗ ಸವೆಯೋ ಜಾತಿ. ವಜ್ರದ್ದು ಹುಡುಕಿ ಹಾಕಿಸ್ದೆ. ಅಬ್ಬಾ, ಎಲ್ಲಾ ರೆಕಾರ್ಡೂ ಗಂಟಲು ಸರಿಮಾಡ್ಕೊಂಡ್ವು.

ಆ ಕೊನೇ ಹಾಡೊಂದು ಬಿಟ್ಟು.

ಪಕ್ಕದ ಮನೆ ಹುಡುಗನ ಹೊಸ ಟರ್ನ್‌ಟೇಬಲ್ಲಲ್ಲಿ, 2 ಗ್ರಾಂ ಭಾರದಲ್ಲಿ ಹಾಕಿದ್ರೂ ಅದೇ ಕರಕರ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗತ್ತೆ. ಹೊರಗಿನ ಗೆರೆ ಸೂಜಿ ಕೆಳಗೆ ಸೆಕೆಂಡಿಗೆ 50 ಸೆಂಟಿಮೀಟರ್ ಹರಿದ್ರೆ, ಲೇಬಲ್ ಹತ್ತಿರದ್ದು 20 ಚಿಲ್ಲರೆ ಅಷ್ಟೇ. ಅಷ್ಟೇ ಹಾಡನ್ನ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಿರ್ತಾರೆ, ಹಾಗಾಗಿ ಕೊನೇ ಹಾಡು ಹೊಸತರಲ್ಲೇ ಸೂಕ್ಷ್ಮ. ಅದರ ಮೇಲೆ ವರ್ಷಗಟ್ಲೆ ದಿನಾ ರಾತ್ರಿ ಸವೆದ ಸೂಜಿ, 6 ಗ್ರಾಂ. ಅಪ್ಪಂಗೆ ಇಷ್ಟ ಇಲ್ಲದ ಹಾಡುಗಳೆಲ್ಲ ಹೊಸದರ ಹಾಗೇ ಇವೆ. ಹೆರೆದು ಹೋದ ಗೆರೆಗೆ ಔಷಧಿ ಇಲ್ಲ.

ಮಗಳು ಅದೇ ಹಾಡನ್ನ ಫೋನಲ್ಲಿ ಹುಡುಕಿ ಕೊಟ್ಳು, ಗಾಜಿನ ಹಾಗೆ ಸ್ವಚ್ಛ. ಅಮ್ಮ ಅರ್ಧ ಕೇಳಿ, "ಚೆನ್ನಾಗಿದೆ, ನೀನೇ ಇಟ್ಕೋ" ಅಂದ್ರು. ಈಗ ಎಲ್‌ಪಿಯ ಮೊದಲ ಬದಿ ಯಾವಾಗ ಬೇಕಾದ್ರೂ ಓಡತ್ತೆ. ಕೊನೇ ಹಾಡು ಶನಿವಾರ ರಾತ್ರಿ ಒಂದೇ ಸಲ. ಇನ್ನೊಂದ್ಸಲ ಹಾಕಕ್ಕೆ ಹೋದ್ರೆ ಅಮ್ಮನೇ ಕೈ ಹಿಡೀತಾರೆ: "ಸಾಕು, ಇರೋದನ್ನ ಉಳಿಸು."