ಒಂದೇ ಸಾಲು, ಎರಡು ಕೂಲಿ

ಬೈಲಹೊಂಗಲದ ನಮ್ಮ ಮನೆಯಿಂದ ಪರದೇಶಕ್ಕೆ ಹೋದವನೆಂದರೆ ನನ್ನ ತಮ್ಮನೊಬ್ಬನೇ. ಅವನ ಕಂಪನಿ ಅವನನ್ನು ದೋಹಾ ನಗರಕ್ಕೆ ಕಳಿಸಿ ನಾಲ್ಕು ವರ್ಷಗಳಾದವು. ಒಂದು ರಾತ್ರಿ ಅವನು ಫೋನಿನಲ್ಲಿ, "ಕೆಲಸ ಬಿಟ್ಟು ಬರುವೆನಣ್ಣಾ" ಎಂದ. ಅಲ್ಲಿಯ ಬಿಸಿಲು ತಡೆಯಲಾರದ್ದೆಂದು ನಾನು ತಿಳಿದೆ. ರೊಟ್ಟಿ ಸಿಗದೆ ಸೊರಗಿದನೆಂದು ಅವ್ವ ಮರುಗಿದಳು.

ಭಾರತ ಹುಣ್ಣಿಮೆಗೆ ರಜೆಯ ಮೇಲೆ ಬಂದವನು ಸವದತ್ತಿಯ ಎಲ್ಲಮ್ಮನ ಗುಡ್ಡದಿಂದ ಮರಳುವಾಗ ನಿಜ ಹೇಳಿದ. ಅವನ ಪಕ್ಕದ ಮೇಜಿನಲ್ಲಿ ಬೇರೊಂದು ದೇಶದವನು. ಇಬ್ಬರದೂ ಒಂದೇ ಕೆಲಸ, ಒಂದೇ ಹೊಣೆ. ಆತನಿಗೆ ಕೆಲಸ ಕಲಿಸಿದವನೂ ಇವನೇ. ಸಂಬಳ ಮಾತ್ರ ಆತನದು ಇಮ್ಮಡಿ. ಕೇಳಿದರೆ, "ನಿಮ್ಮ ಊರಿನ ಲೆಕ್ಕಕ್ಕೆ ಇದೇ ಹೆಚ್ಚಲ್ಲವೇ?" ಎಂಬ ಉತ್ತರ. ಇತ್ತ ಸ್ವದೇಶದ ಕಚೇರಿಯಲ್ಲಿ ಬಡ್ತಿಗಳೆಲ್ಲ ಕಣ್ಣೆದುರಿಗಿದ್ದವರಿಗೇ ಸಂದವು.

"ಬಿಸಿಲನ್ನು ತಾಳಬಹುದಣ್ಣಾ, ಎರಡು ಬಗೆಯ ಅಳತೆಯನ್ನು ತಾಳಲಾಗದು."

ಹಿಂದೆ ಕತಾರಿನಲ್ಲಿ ಮಾಲೀಕನ ಒಪ್ಪಿಗೆಯ ಪತ್ರವಿಲ್ಲದೆ ಬೇರೆ ಕೆಲಸಕ್ಕೆ ಸೇರುವಂತಿರಲಿಲ್ಲ. 2020ರಲ್ಲಿ ಆ ಕಟ್ಟನ್ನು ತೆಗೆದರು. ಯಾವ ದೇಶದವನಿಗಾದರೂ ತಿಂಗಳಿಗೆ 1000 ರಿಯಾಲಿಗಿಂತ ಕಡಿಮೆ ಮೂಲವೇತನ ಸಲ್ಲದೆಂಬ ನಿಯಮ 2021ರ ಮಾರ್ಚಿನಲ್ಲಿ ಜಾರಿಗೆ ಬಂದಿತು. ಆದರೆ ತಮ್ಮನ ಸಂಕಟ ಕನಿಷ್ಠ ವೇತನದ್ದಲ್ಲ, ಪಕ್ಕದ ಮೇಜಿನದು.

ಆ ಕಂಪನಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ರಾತ್ರಿ ಊಟಕ್ಕೆ ಕುಳಿತಾಗಲೂ ಅದನ್ನೇ ಆಡುತ್ತಿದ್ದೆ. ಅವ್ವ ರೊಟ್ಟಿ ನೀಡುತ್ತ ಕೇಳಿದಳು:

"ನಮ್ಮ ಹೊಲದಾಗ ಜೋಳಾ ಕೊಯ್ಯೋ ಗಂಡಾಳಿಗೆ ಎಷ್ಟ ಕೊಡತಿ? ಹೆಣ್ಣಾಳಿಗೆ ಎಷ್ಟ? ಇಬ್ಬರೂ ಹಿಡಿಯೋ ಸಾಲು ಒಂದ ಅಲ್ಲೇನು?"

ಎತ್ತಿದ ತುತ್ತು ಕೈಯಲ್ಲೇ ಉಳಿಯಿತು. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ವೇತನವೆಂಬ ಕಾನೂನು ನಮ್ಮ ದೇಶದಲ್ಲಿ 1976ರಲ್ಲಿಯೇ ಆಯಿತು. ಅದು ನನಗೆ ತಿಳಿಯದ್ದೇನಲ್ಲ. "ಊರ ರೂಢಿ" ಎಂದು ನಾನು ಇಷ್ಟು ದಿನ ಹೇಳುತ್ತ ಬಂದ ಮಾತಿಗೂ ದೋಹಾದ ಆ ಉತ್ತರಕ್ಕೂ ಭೇದವೇನು?

ಮರುದಿನ ಸಂಜೆ ಎಲ್ಲರಿಗೂ ಒಂದೇ ಕೂಲಿ ಎಣಿಸಿ ಕೊಟ್ಟೆ. ಕೂಲಿಯ ದರ ಕೆಡಿಸಿದೆನೆಂದು ನೆರೆಹೊಲದವರು ಗೊಣಗಿದರು. ಹಣ ಸೆರಗಿಗೆ ಕಟ್ಟಿಕೊಂಡ ಹಿರಿಯ ಹೆಂಗಸೊಬ್ಬಳು ಲೆಕ್ಕ ತಪ್ಪಿತೆಂದು ತಿಳಿದು ಹೆಚ್ಚಿನ ಹಣವನ್ನು ಮರಳಿಸಲು ಬಂದಳು. ಆಗ ನನಗಾದ ನಾಚಿಕೆ ಹೇಳತೀರದು.

ತಮ್ಮ ದೋಹಾಕ್ಕೆ ಮರಳಿದ್ದಾನೆ. ರಾಜೀನಾಮೆಯ ಪತ್ರ ಬರೆದಿಟ್ಟುಕೊಂಡಿದ್ದಾನಂತೆ, ಇನ್ನೂ ಕಳಿಸಿಲ್ಲ. ಅವನು ಮತ್ತೆ ನನ್ನ ಅಭಿಪ್ರಾಯ ಕೇಳಿದರೆ, "ಸ್ವಲ್ಪ ತಾಳಿಕೋ" ಎನ್ನಲು ಈ ಸಲ ನನಗೆ ಬಾಯಿ ಬರಲಾರದು.