ಈ ವಾರದ ಸಮಸ್ಯೆ

ಬಿಡುವು ಸಿಕ್ಕ ಸಂಜೆ ಹೊಸ ಹಾಳೆ ಮುಂದಿಟ್ಟುಕೊಂಡು ಕೂತರೆ ಮೊದಲು ಎದುರಾಗುವುದು ಏನು ಬರೆಯಲಿ ಎಂಬ ಪ್ರಶ್ನೆ. ಕಿಟಕಿಯಾಚೆಯ ಸಂಪಿಗೆ ಮರವೇ? ಮೇಜಿನ ಮೇಲಿನ ಲೋಟವೇ? ಮರ ತೀರಾ ದೊಡ್ಡದಾಯಿತು, ಲೋಟ ತೀರಾ ಸಾಧಾರಣವಾಯಿತು ಎನ್ನುವಷ್ಟರಲ್ಲಿ ಕತ್ತಲಾಗಿರುತ್ತದೆ. ಹವ್ಯಾಸಕ್ಕೆ ಚಿತ್ರ ಬರೆಯುವವರೆಲ್ಲ ಬಲ್ಲ ಸಂಕಟ ಇದು. ವೃತ್ತಿಯವರಿಗೆ ಇಂಥದ್ದು ಬೇಕು ಎಂದು ಕೇಳಿಕೊಂಡು ಬರುವವರಿರುತ್ತಾರೆ. ನಮ್ಮನ್ನು ಕೇಳುವವರು ಯಾರು? ಅದಕ್ಕೇ ನಾವು ಐದು ಜನ ಗೆಳೆಯರು ಒಬ್ಬರಿಗೊಬ್ಬರು ಕೆಲಸ ಹೇಳಿಕೊಳ್ಳುತ್ತೇವೆ.

ಕ್ರಮ ಸರಳ. ಭಾನುವಾರ ಬೆಳಿಗ್ಗೆ ಮೈಸೂರಿನ ಸರಸ್ವತೀಪುರದ ಮೇಷ್ಟ್ರ ಮನೆಯ ಜಗಲಿಯಲ್ಲಿ ಸೇರುತ್ತೇವೆ. ಅವರು ನಿವೃತ್ತ ಗಣಿತದ ಮೇಷ್ಟ್ರು. ಜೊತೆಗೆ ಹಲ್ಲಿನ ಡಾಕ್ಟ್ರು, ಹೊಲಿಗೆ ಅಂಗಡಿ ಇಟ್ಟಿರುವ ಗೆಳತಿ, ಎಂಜಿನಿಯರಿಂಗ್ ಓದುತ್ತಿರುವ ಒಬ್ಬ ಹುಡುಗ, ನಾನು. ಸರದಿಯಂತೆ ಒಬ್ಬರು ಒಂದು ವಸ್ತುವನ್ನೋ ಒಂದು ಕಟ್ಟುಪಾಡನ್ನೋ ಕೊಡಬೇಕು. ಮುಂದಿನ ಭಾನುವಾರದೊಳಗೆ ಎಲ್ಲರೂ ಅದನ್ನು ಬರೆದು ತರಬೇಕು. ಮೊದಮೊದಲು ಇದಕ್ಕೆ ಹೆಸರಿರಲಿಲ್ಲ. ಮೇಷ್ಟ್ರು ಒಮ್ಮೆ ‘ಈ ವಾರದ ಸಮಸ್ಯೆ ಏನ್ರಪ್ಪಾ?’ ಎಂದರು. ಅಂದಿನಿಂದ ಅದೇ ಹೆಸರು ನಿಂತಿತು.

ಅವರು ಸುಮ್ಮನೆ ಹಾಗೆಂದದ್ದಲ್ಲ. ಅವಧಾನಗಳಿಗೆ ತಪ್ಪದೆ ಹೋಗುವವರು ಅವರು. ಶತಾವಧಾನಿ ಆರ್. ಗಣೇಶರ ಅವಧಾನ ನೋಡಿದವರಿಗೆ ಗೊತ್ತು, ಪೃಚ್ಛಕರೊಬ್ಬರು ಅರ್ಥವೇ ಕೂಡದಂಥ ಒಂದು ಸಾಲನ್ನು ‘ಸಮಸ್ಯೆ’ಯಾಗಿ ಕೊಟ್ಟು ಕೂರುತ್ತಾರೆ, ಉಳಿದ ಸಾಲುಗಳನ್ನು ಕಟ್ಟಿ ಅದಕ್ಕೆ ಅರ್ಥ ತಂದುಕೊಡುವುದು ಅವಧಾನಿಯ ಕೆಲಸ. ಭೋಜರಾಜನ ಸಭೆಯ ಕಥೆಯನ್ನಂತೂ ಎಲ್ಲರೂ ಕೇಳಿರುತ್ತೇವೆ: ಬರೀ ಠಣಠಣ ಸದ್ದನ್ನೇ ಕೊನೆಯ ಸಾಲಾಗಿ ಕೊಟ್ಟಾಗ, ಕಾಳಿದಾಸ ಒಬ್ಬ ತರುಣಿಯ ಕೈಯಿಂದ ಚಿನ್ನದ ಕೊಡವನ್ನು ಜಾರಿಸಿ ಮೆಟ್ಟಿಲ ಮೇಲೆ ಉರುಳಿಸಿಬಿಟ್ಟನಂತೆ. ನನಗೆ ಆ ಕಥೆಯಲ್ಲಿ ಕಾಳಿದಾಸನ ಜಾಣ್ಮೆಯಷ್ಟೇ ಆ ಹಾಳು ಸಾಲು ಕೊಟ್ಟವನ ಮೇಲೂ ಪ್ರೀತಿ. ಅವನು ಕೊಡದೇ ಹೋಗಿದ್ದರೆ ಆ ಮೆಟ್ಟಿಲೂ ಇಲ್ಲ, ಆ ಕೊಡವೂ ಇಲ್ಲ.

ನಮ್ಮ ಸಮಸ್ಯೆಗಳು ಬಹಳಷ್ಟು ಸಲ ಬರೀ ಒಂದು ಪದ. ಚಿಲಕ. ಮಡಚಿದ ಕೊಡೆ. ಕಾಯುವಿಕೆ. ಕೆಲವು ಸಲ ಪದ ಬೇಕಾದ್ದು ಇರಲಿ, ಕೈಗೊಂದು ಕಟ್ಟು. ಡಾಕ್ಟ್ರು ಒಮ್ಮೆ ಎಲ್ಲರ ಕೈಗೂ ಒಂದೊಂದು ತುಂಡು ಹಸಿಶುಂಠಿ ಕೊಟ್ಟು, ಹಾಳೆಯನ್ನು ನೋಡದೆ ಬರೆಯಿರಿ ಎಂದರು. ಅಮೆರಿಕದ ಚಿತ್ರಕಲಾ ಶಿಕ್ಷಕ ಕಿಮೊನ್ ನಿಕೊಲಾಯಿಡಿಸ್ ಹೇಳಿಕೊಡುತ್ತಿದ್ದ ಅಭ್ಯಾಸ ಇದು. 1941ರಲ್ಲಿ, ಅವರು ತೀರಿಕೊಂಡ ಮೇಲೆ ಬಂದ ಅವರ ಪುಸ್ತಕದಲ್ಲಿದೆ. ಕಣ್ಣು ವಸ್ತುವಿನ ಅಂಚನ್ನು ಬಿಟ್ಟು ಕದಲಬಾರದು. ಪೆನ್ಸಿಲಿನ ತುದಿ ಆ ವಸ್ತುವಿನ ಮೈಯನ್ನೇ ಮುಟ್ಟಿಕೊಂಡು ಹೋಗುತ್ತಿದೆ ಎಂದು ನಂಬಿ ನಿಧಾನವಾಗಿ ಗೀಟು ಎಳೆಯಬೇಕು. ಶುಂಠಿಯನ್ನು ದಿನಾ ಜಜ್ಜಿ ಚಹಾಕ್ಕೆ ಹಾಕುವವಳು ನಾನು, ಆದರೆ ಅದರ ಮೈಮೇಲೆ ಸುತ್ತಲೂ ಅಷ್ಟು ಸಣ್ಣ ಉಂಗುರಗಳಿರುವುದನ್ನು ಕಂಡದ್ದು ಅವತ್ತು. ಪ್ರತಿ ಗೆಣ್ಣಿನ ಬಳಿ ಸಿಪ್ಪೆ ತುಸು ದಪ್ಪವಾಗಿ, ಮತ್ತೆ ತೆಳುವಾಗಿ, ಮುರಿದ ತುದಿಯಲ್ಲಿ ನಾರು ಎದ್ದು ನಿಂತಿರುತ್ತದೆ. ಚಿತ್ರ ಮುಗಿಸಿ ಹಾಳೆ ನೋಡಿದರೆ ಗೀಟುಗಳು ಒಂದರ ಮೇಲೊಂದು ಹತ್ತಿ, ಶುರುವಾದ ಕಡೆ ಬಂದು ಕೂಡದೆ ಎತ್ತಲೋ ಹೊರಟುಬಿಟ್ಟಿರುತ್ತವೆ. ಆದರೂ ಅದು ಶುಂಠಿಯೇ! ನೋಡಿಕೊಂಡು ಬರೆದ ಅಚ್ಚುಕಟ್ಟಿನ ಶುಂಠಿಗಿಂತ ಹೆಚ್ಚು ಶುಂಠಿ. ಅದರ ಘಾಟು ಗೀಟಿನಲ್ಲಿರುತ್ತದೆ.

ಬಣ್ಣದ ಸಮಸ್ಯೆಗಳಲ್ಲಿ ನನಗೆ ಬಲು ಪ್ರಿಯವಾದದ್ದು ಎರಡೇ ಬಣ್ಣದ ವಾರ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಮ್ಮಣ್ಣಿನ ಕಂದು, ಮತ್ತೆ ನೀರು. ಇನ್ನಾವುದನ್ನೂ ಮುಟ್ಟುವಂತಿಲ್ಲ. ಎರಡನ್ನೂ ಸಮನಾಗಿ ಬೆರೆಸಿದರೆ ಬೂದು ಬರುತ್ತದೆ. ನೀಲಿ ಹೆಚ್ಚಾದರೆ ಮಳೆ ಮುಂಚಿನ ಮೋಡದ ಬೂದು, ಕಂದು ಹೆಚ್ಚಾದರೆ ಹಳೇ ಗೋಡೆಯ ಬೂದು. ನೀರು ಕಮ್ಮಿ ಮಾಡಿ ಗಟ್ಟಿಯಾಗಿ ಬೆರೆಸಿದರೆ, ಡಬ್ಬಿಯಲ್ಲಿ ಸಿಗುವ ಕಪ್ಪಿಗಿಂತ ಆಳವಾದ, ಉಸಿರಾಡುವ ಒಂದು ಕಪ್ಪು. ಒಳ್ಳೆಯ 300 ಜಿ.ಎಸ್.ಎಂ. ಕಾಗದದ ಮೇಲೆ ಇನ್ನೂ ಒಂದು ಚೆಂದ ಇದೆ. ಬಣ್ಣ ಆರುತ್ತ ಬಂದಂತೆ ನೀಲಿಯ ಕಣಗಳು ಮಾತ್ರ ಕಾಗದದ ತಗ್ಗುಗಳಿಗೆ ಇಳಿದು ಅಲ್ಲೇ ನಿಲ್ಲುತ್ತವೆ, ಕಂದು ಮೇಲೆ ಹರಡಿಕೊಂಡಿರುತ್ತದೆ. ಒಂದೇ ಕುಂಚದಿಂದ ಒಂದೇ ಬಾರಿಗೆ ಬಳಿದದ್ದು ಕಣ್ಣೆದುರೇ ಎರಡಾಗುತ್ತದೆ. ನಾನು ಹಾಳೆಯನ್ನು ಬೆಳಕಿಗೆ ಓರೆ ಹಿಡಿದು ಅದನ್ನೇ ನೋಡುತ್ತ ಕೂತುಬಿಡುತ್ತೇನೆ. ಕುಂಚ ಕೆಳಗಿಟ್ಟ ಮೇಲೆಯೂ ಕೆಲಸ ನಡೆಯುವ ಕಲೆ ನೀರುಬಣ್ಣ.

ಆ ಎರಡು ಬಣ್ಣದ ಬೆನ್ನಿಗೇ ಬಂದದ್ದು ಕಾಗೆಯ ವಾರ. ಹುಡುಗನ ಸರದಿ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣರಿಗೆ ಬಾಲ್ಯದಿಂದಲೂ ಕಾಗೆಯ ಮೋಹ, ವ್ಯಂಗ್ಯಚಿತ್ರದ ಗಡಿಬಿಡಿಯ ನಡುವೆಯೂ ಅವರು ಕಾಗೆಗಳನ್ನು ಬರೆಯುತ್ತಲೇ ಇದ್ದರು ಎಂದು ಎಲ್ಲೋ ಓದಿ ಬಂದಿದ್ದ. ಮುಂಬಯಿಯ ಜೆ. ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ ಎಂಬುದನ್ನೂ ಅಷ್ಟೇ ಉತ್ಸಾಹದಿಂದ ಹೇಳಿದ. ಸರಿ, ವಾರವಿಡೀ ಎಲ್ಲರ ಕಣ್ಣೂ ತಂತಿಯ ಮೇಲೆ, ತಾರಸಿಯ ಮೇಲೆ. ಊರಕಾಗೆಯ ಕತ್ತು ಬೂದು, ಕಾಡುಕಾಗೆಯದು ಅಡಿಯಿಂದ ಮುಡಿಯವರೆಗೂ ಕಪ್ಪು ಎಂಬುದನ್ನು ಡಾಕ್ಟ್ರು ಗುರುತಿಸಿದ್ದು ಆಗಲೇ. ಅವರು ಪುಟದ ತುಂಬ ಬರೀ ಕೊಕ್ಕು ಬರೆದು ತಂದರು, ಬಾಯಿ ತೆರೆಸಿ ನೋಡಿದವರಂತೆ ಒಳಗಿನ ನಾಲಗೆ ಸಮೇತ. ಮೇಷ್ಟ್ರದು ತಂತಿಯ ಮೇಲೆ ಸಾಲಾಗಿ ಕೂತ ಕಾಗೆಗಳು. ದೂರ ಹೋದಂತೆ ಎಷ್ಟು ಚಿಕ್ಕದಾಗಬೇಕೋ ಅಷ್ಟೇ ಚಿಕ್ಕದಾಗುತ್ತ ಕೊನೆಗೆ ಒಂದು ಚುಕ್ಕೆಯಲ್ಲಿ ಸೇರಿದ್ದವು. ಹುಡುಗ ಹಾರುವುದನ್ನು ಹಿಡಿಯಲು ಹೋಗಿ ಇಡೀ ಹಾಳೆಯನ್ನು ರೆಕ್ಕೆ ಮಾಡಿದ್ದ.

ಹೊಲಿಗೆ ಅಂಗಡಿಯ ಗೆಳತಿ ತನ್ನ ಪುಸ್ತಕವನ್ನು ಕೊನೆಗೆ ಬಿಚ್ಚಿಟ್ಟಳು. ತಾರಸಿಯ ಕಟ್ಟೆ, ಅದರ ಮೇಲೆ ಬಾಳೆಲೆಯ ತುಂಡು, ಎಲೆಯ ನಡುವೆ ಅನ್ನದ ಉಂಡೆ, ಒಂದು ವಡೆ. ಅಷ್ಟೇ.

‘ಅಕ್ಕಾ, ಕಾಗೆ ಎಲ್ಲಿ?’ ಎಂದ ಹುಡುಗ.

‘ಇನ್ನೂ ಬಂದಿಲ್ಲ ಕಣೋ.’

ಆ ವಾರ ಅವಳ ತಾಯಿಯ ತಿಥಿ ಇತ್ತೆಂದು ನಮಗೆ ಆಮೇಲೆ ತಿಳಿಯಿತು. ಬಾಳೆಲೆಯ ನರಗಳನ್ನು ಅವಳು ಬಟ್ಟೆಯ ನೆರಿಗೆ ಗುರುತು ಹಾಕುವ ಅದೇ ಖಚಿತ ಕೈಯಲ್ಲಿ ಒಂದೊಂದಾಗಿ ಎಳೆದಿದ್ದಳು. ಅನ್ನಕ್ಕೆ ಬಣ್ಣವೇ ಹಾಕಿರಲಿಲ್ಲ, ಕಾಗದದ ಬಿಳುಪನ್ನೇ ಬಿಟ್ಟಿದ್ದಳು. ಹಿಂದಿನ ಆಕಾಶದಲ್ಲಿ ಮಾತ್ರ ಆ ನೀಲಿ, ಆ ಕಂದು, ಎರಡೂ ಬೆರೆತ ಬೂದು. ವರ್ಷಗಟ್ಟಲೆ ಪರಿಚಯವಿದ್ದರೂ ಅವಳು ತಾಯಿಯ ಬಗ್ಗೆ ನಮ್ಮೊಡನೆ ಮಾತಾಡಿದವಳಲ್ಲ. ಹುಡುಗ ಕಾಗೆ ಎಂದದ್ದರಿಂದ ಆ ಬಾಳೆಲೆ ಜಗಲಿಗೆ ಬಂತು. ಗೆಳೆತನಕ್ಕೆ ಇಂಥ ಬಾಗಿಲುಗಳು ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನೇರವಾಗಿ ಕೇಳಿದರೆ ಯಾರೂ ಹೇಳದ್ದು ಪಕ್ಕದ ದಾರಿಯಲ್ಲಿ ತಾನಾಗಿ ಬರುತ್ತದೆ.

ನಮ್ಮಲ್ಲಿ ಒಂದು ನಿಯಮವಿದೆ. ಚೆನ್ನಾಗಿದೆ ಎನ್ನುವಂತಿಲ್ಲ, ಚೆನ್ನಾಗಿಲ್ಲ ಎನ್ನುವಂತೆಯೂ ಇಲ್ಲ. ಕಂಡದ್ದನ್ನು ಹೇಳಬೇಕು. ‘ಇಲ್ಲಿ ಗೀಟು ತಡವರಿಸಿದೆ’, ‘ಈ ಮೂಲೆಯಲ್ಲಿ ಕಣ್ಣು ನಿಲ್ಲುತ್ತದೆ’, ‘ನೆರಳು ಎಡಕ್ಕೆ ಬಿದ್ದಿದೆ, ಬೆಳಕೂ ಎಡದಿಂದಲೇ ಬರುತ್ತಿದೆಯಲ್ಲ ಮೇಷ್ಟ್ರೇ?’ ಹೀಗೆ. ಪುಸ್ತಕಗಳನ್ನೆಲ್ಲ ನೆಲದ ಮೇಲೆ ಒಟ್ಟಿಗೆ ಬಿಚ್ಚಿಡುವ ಪದ್ಧತಿಯನ್ನು ನಾವು ಕಲಿತದ್ದು ಅರ್ಬನ್ ಸ್ಕೆಚರ್ಸ್ ಬಳಗದವರಿಂದ. ಅಮೆರಿಕದ ಸಿಯಾಟಲ್‌ನ ಪತ್ರಕರ್ತ, ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಶುರು ಮಾಡಿದ ಬಳಗ ಅದು. ಈಗ ಲೋಕದ ಎಷ್ಟೋ ಊರುಗಳಲ್ಲಿ ಜನ ಬೀದಿಯಲ್ಲಿ ಕೂತು ಕಂಡದ್ದನ್ನು ಕಂಡಲ್ಲೇ ಬರೆದು, ಕೊನೆಗೆ ಪುಸ್ತಕಗಳನ್ನು ಹೀಗೆ ಹರಡಿ ಒಬ್ಬರದನ್ನೊಬ್ಬರು ನೋಡುತ್ತಾರೆ. ಐದು ಪುಸ್ತಕ ಪಕ್ಕಪಕ್ಕ ಇಟ್ಟಾಗ ಸಿಗುವ ಸುಖವನ್ನು ಒಂಟಿ ಚಿತ್ರ, ಅದೆಷ್ಟೇ ಉತ್ತಮವಾಗಿರಲಿ, ಕೊಡಲಾರದು. ದೇವರಾಜ ಮಾರುಕಟ್ಟೆಯ ಅದೇ ಕುಂಕುಮದ ರಾಶಿ ಒಬ್ಬರಿಗೆ ಶಂಕು, ಇನ್ನೊಬ್ಬರಿಗೆ ಬಣ್ಣ, ಮತ್ತೊಬ್ಬರಿಗೆ ಅದರ ಹಿಂದೆ ಕೂತ ಮುದುಕನ ಬೆರಳು.

ಜಗನ್ಮೋಹನ ಅರಮನೆಗೆ ಹೋದ ವಾರವೂ ಹಾಗೇ ಆಯಿತು. ಎಸ್. ಎಲ್. ಹಲ್ದಣಕರರ ‘ಗ್ಲೋ ಆಫ್ ಹೋಪ್’ ಅಲ್ಲಿದೆ. ದೀಪ ಹಿಡಿದ ಆ ಹೆಣ್ಣಿನ ಚಿತ್ರವನ್ನು ರವಿವರ್ಮನದೆಂದು ಇಂದಿಗೂ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಲ್ದಣಕರರು ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದ ಚಿತ್ರ ಅದು, ಅದೂ ನೀರುಬಣ್ಣದಲ್ಲಿ. ಸಮಸ್ಯೆ ಏನೆಂದರೆ, ಬೇಕಾದಷ್ಟು ಹೊತ್ತು ನೋಡಿ, ಮನೆಗೆ ಬಂದು ನೆನಪಿನಿಂದ ಬರೆಯುವುದು. ಡಾಕ್ಟ್ರ ನೆನಪಿನಲ್ಲಿ ಉಳಿದಿದ್ದು ದೀಪಕ್ಕೆ ಮರೆಯಾದ ಕೈಬೆರಳುಗಳು, ಅವುಗಳ ಸಂದಿಯಲ್ಲಿ ಕೆಂಪಾಗಿ ತೂರಿಬರುವ ಬೆಳಕು. ಗೆಳತಿಯ ನೆನಪಿನಲ್ಲಿ ಸೀರೆಯ ಬೀಳು. ಹುಡುಗ ಮುಖವೊಂದನ್ನೇ ಬರೆದು ಉಳಿದದ್ದನ್ನೆಲ್ಲ ಕತ್ತಲೆಗೆ ಬಿಟ್ಟಿದ್ದ. ಆಮೇಲೆ ಮತ್ತೊಮ್ಮೆ ಹೋಗಿ ಆ ಚಿತ್ರದೆದುರು ನಿಂತಾಗ ನಾನು ಐದು ಜನರ ಕಣ್ಣಿನಿಂದ ಅದನ್ನು ನೋಡಿದೆ.

ಹವ್ಯಾಸಿ ಎಂಬ ಮಾತನ್ನು ಕೆಲವರು ತುಸು ಕೆಳದನಿಯಲ್ಲಿ ಆಡುತ್ತಾರೆ. ನನಗೆ ಅದು ಸಲ್ಲದು. ಕನ್ನಡದಲ್ಲಿ ಆ ಮಾತಿಗೆ ದೊಡ್ಡ ಮರ್ಯಾದೆಯಿದೆ. ಬೆಂಗಳೂರಿನಲ್ಲಿ 1909ರಲ್ಲಿ ಎ.ಡಿ.ಎ. ಹುಟ್ಟಿದ್ದೇ ಹವ್ಯಾಸಿಗಳ ನಾಟಕಸಂಘವಾಗಿ. ಹಗಲೆಲ್ಲ ಕಚೇರಿ, ಕಾಲೇಜು ಎಂದು ದುಡಿದು ಸಂಜೆ ತಾಲೀಮಿಗೆ ಬರುತ್ತಿದ್ದ ಜನ ನಮ್ಮ ರಂಗಭೂಮಿಯ ದಿಕ್ಕನ್ನೇ ಬದಲಿಸಿದರು. ನಮ್ಮ ಜಗಲಿಯಿಂದ ಅಂಥದ್ದೇನೂ ಆಗಬೇಕಿಲ್ಲ. ಬೆಂಗಳೂರಿನ ಚಿತ್ರಸಂತೆಗೆ ಹೋಗಿ ಮಾರಿ ಎಂದು ನೆಂಟರು ಆಗಾಗ ಹೇಳುತ್ತಾರೆ. ಕುಮಾರಕೃಪಾ ರಸ್ತೆಯ ಆ ಸಂಭ್ರಮಕ್ಕೆ ನಾವು ಹೋಗುವುದು ಕಣ್ತುಂಬ ನೋಡಲಿಕ್ಕೆ. ನಮ್ಮ ಪುಸ್ತಕಗಳು ನಮ್ಮ ನಮ್ಮ ಕಪಾಟಿನಲ್ಲೇ ಇರಲಿ.

ಅಕ್ಟೋಬರ್ ಬಂದರೆ ಜಗತ್ತಿನಾದ್ಯಂತ ಇಂಕ್ಟೋಬರ್. ಜೇಕ್ ಪಾರ್ಕರ್ ಎಂಬ ಅಮೆರಿಕದ ಚಿತ್ರಕಾರ 2009ರಲ್ಲಿ ತನಗೆ ತಾನೇ ಹಾಕಿಕೊಂಡ ನಿಯಮ: 31 ದಿನ, ದಿನಕ್ಕೊಂದು ಶಾಯಿಯ ಚಿತ್ರ. ಹುಡುಗನಿಗೆ ಅದನ್ನು ಮಾಡುವ ಆಸೆ. ಆದರೆ ಮೈಸೂರಿನಲ್ಲಿ ಅದು ದಸರೆಯ ಹೊತ್ತು, ಮನೆತುಂಬ ನೆಂಟರು. ಹಾಗಾಗಿ ನಮ್ಮದು ನವರಾತ್ರಿಯ ಲೆಕ್ಕ. ಪಾಡ್ಯದಿಂದ ದಶಮಿಯವರೆಗೆ, ದೀಪ ಹಚ್ಚಿದ ಮೇಲೆ ಯಾರದಾದರೂ ಮನೆಯ ಗೊಂಬೆಗಳ ಮುಂದೆ ಕೂತು ಒಂದೇ ಒಂದು ಗೊಂಬೆ. ಪೆನ್ನು ಮಾತ್ರ, ರಬ್ಬರ್ ಇಲ್ಲ. ಚನ್ನಪಟ್ಟಣದ ಅರಗಿನ ಹೊಳಪನ್ನು ಕರಿಶಾಯಿಯಲ್ಲಿ ತರಬೇಕಾದರೆ ಹೊಳಪನ್ನು ಬರೆಯದೇ ಬಿಡಬೇಕು. ಪಟ್ಟದ ಗೊಂಬೆಯ ರಾಣಿಗೆ ಪ್ರತಿ ಮನೆಯಲ್ಲೂ ಬೇರೆ ಸೀರೆ, ಬೇರೆ ಸರ, ಮರದ ಮುಖ ಮಾತ್ರ ಒಂದೇ ತೆರನ ಗಂಭೀರ. ಆ ಹತ್ತು ಸಂಜೆ ಕೋಸಂಬರಿಯ ತಟ್ಟೆ ಪುಸ್ತಕದ ಪಕ್ಕದಲ್ಲೇ ಇರುತ್ತದೆ. ಯಾರ ಮನೆಯಲ್ಲೂ ನಮ್ಮನ್ನು ಬೇಗ ಏಳಿ ಎಂದದ್ದಿಲ್ಲ.

ಈ ವಾರ ಗೆಳತಿಯ ಸರದಿ. ಉಪ್ಪು ಎಂದಿದ್ದಾಳೆ. ಬಿಳಿ ಹಾಳೆಯ ಮೇಲೆ ಬಿಳಿಯ ಉಪ್ಪು, ಸುಲಭದ್ದಲ್ಲ. ಡಾಕ್ಟ್ರ ತವರು ಅಂಕೋಲೆಯ ಕಡೆ, ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ನೋಡಿ ಬೆಳೆದವರು, ಅವರು ಅದನ್ನೇ ಬರೆಯುತ್ತಾರೆಂದು ನಾವೆಲ್ಲ ಊಹಿಸಿದ್ದೇವೆ. ಉಪ್ಪಿನ ಹರಳು ಘನಾಕೃತಿಯದು, ಅದರ ಮೂರು ಮುಖಗಳಿಗೆ ಮೂರು ಬೂದು ಸಾಕು ಎಂದು ಮೇಷ್ಟ್ರು ಆಗಲೇ ಲೆಕ್ಕ ಹಾಕಿದ್ದಾರೆ. ನಾನು ಉಪ್ಪನ್ನು ಬರೆಯುವ ಬದಲು ಉಪ್ಪಿನಿಂದಲೇ ಬರೆಸುವ ಯೋಚನೆಯಲ್ಲಿದ್ದೇನೆ. ಹಸಿ ಬಣ್ಣದ ಮೇಲೆ ಕಲ್ಲುಪ್ಪು ಉದುರಿಸಿದರೆ ಪ್ರತಿ ಹರಳೂ ಸುತ್ತಲಿನ ನೀರನ್ನು ಬಣ್ಣದ ಸಮೇತ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆರಿದ ಮೇಲೆ ಉಪ್ಪನ್ನು ಒರೆಸಿ ತೆಗೆದರೆ ಅಲ್ಲಲ್ಲಿ ನಕ್ಷತ್ರದಾಕಾರದ ಕಲೆಗಳು ಉಳಿಯುತ್ತವೆ. ಕಾಗದ ತೀರಾ ಒದ್ದೆಯಿದ್ದರೆ ಉಪ್ಪು ಕರಗಿಹೋಗುತ್ತದೆ, ಒಣಗಿದ ಮೇಲೆ ಹಾಕಿದರೆ ಏನೂ ಆಗುವುದಿಲ್ಲ. ಹಾಳೆಯ ಮೇಲಿನ ನೀರಿನ ಹೊಳಪು ಮಂಕಾಗಲು ಶುರುವಾದ ಆ ಗಳಿಗೆಯನ್ನೇ ಹಿಡಿಯಬೇಕು. ಕಲ್ಲುಪ್ಪು ತಂದಿಟ್ಟಾಗಿದೆ, ಪುಡಿಯುಪ್ಪೂ ಇದೆ. ಎರಡನ್ನೂ ನಾಳೆ ಬೆಳಿಗ್ಗೆ ಅಲ್ಟ್ರಾಮರೀನ್ ಮೇಲೆ ಹಾಕಿ ನೋಡುತ್ತೇನೆ.